ಮಳೆಗಾಲ ಕಳೆದ ಕ್ಯಾರವಾನ್: ಮೂಡಿಗೆರೆ ಕಡೆಯ ಒಂದು ಪ್ರಕರಣ

ಈ ಪ್ರಕರಣದಲ್ಲಿ ಬರುವ ತೋಟ, ಹೋಮ್‌ಸ್ಟೇ, ಮಾಲೀಕರು, ಕೆಲಸಗಾರರು ಯಾರೆಂದು ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ. ಮೂಡಿಗೆರೆ ತಾಲ್ಲೂಕು ಎಂಬುದನ್ನು ಮಾತ್ರ ಉಳಿಸಿಕೊಂಡಿದೆ. ವರ್ಷಕ್ಕೆ 2000 ಮಿಲಿಮೀಟರ್ ದಾಟುವ ಆ ಕಡೆಯ ಮಳೆಯನ್ನು ಬಿಟ್ಟರೆ ಇಲ್ಲಿ ನಡೆದದ್ದು ಅರ್ಥವಾಗುವುದಿಲ್ಲ.

ಹಿನ್ನೆಲೆ

ಕಾಫಿ ತೋಟದಲ್ಲಿ ಹೋಮ್‌ಸ್ಟೇ ನಡೆಸುವ ದಂಪತಿಯ ಕ್ಯಾರವಾನ್ ಟ್ರೇಲರ್ ಇದು. ಜೀಪಿಗೆ ಕಟ್ಟಿ ಎಳೆಯುವಂಥದ್ದು, ಒಂದೇ ಆಕ್ಸಲ್, 14 ಅಡಿ ಉದ್ದ, ನಾಲ್ವರು ಮಲಗಬಹುದು. ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ತೆಳು ಪ್ಲೈವುಡ್, ಎರಡರ ನಡುವೆ ಮರದ ರೀಪು ಮತ್ತು ಥರ್ಮೋಕೋಲ್. ನೆಲಕ್ಕೆ 12 ಮಿಲಿಮೀಟರ್ ಪ್ಲೈ. 100 ಲೀಟರ್ ನೀರಿನ ಟ್ಯಾಂಕು, 12 ವೋಲ್ಟಿನ ಪಂಪು, 100 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ, ಎರಡು ಬರ್ನರಿನ ಒಲೆ. ದಸರೆಯಿಂದ ಮೇ ತಿಂಗಳವರೆಗೆ ತೋಟದ ಅಂಚಿನಲ್ಲಿ ನಿಲ್ಲಿಸಿ ಅತಿಥಿಗಳಿಗೆ ಕೊಡುತ್ತಾರೆ. ಕೇಳಿದವರಿಗೆ ಹಾಸನದ ಆಚೆ ಹೇಮಾವತಿ ಹಿನ್ನೀರಿನ ಕಡೆ, ಶೆಟ್ಟಿಹಳ್ಳಿಯ ಮುಳುಗುವ ಚರ್ಚು ನೋಡಲು ಅನುಕೂಲವಾಗುವ ಒಂದು ಖಾಸಗಿ ಜಾಗಕ್ಕೂ ಎಳೆದುಕೊಂಡು ಹೋಗುತ್ತಾರೆ.

ಟ್ರೇಲರಿನ ಜೊತೆ ಬಂದ ಕೈಪಿಡಿಯಲ್ಲಿ ಚಳಿಗಾಲಕ್ಕೆ ಗಾಡಿ ಮುಚ್ಚಿಡುವುದು ಮತ್ತು ವಸಂತದಲ್ಲಿ ತೆರೆಯುವುದು ಹೇಗೆಂಬ ಒಂದು ಅಧ್ಯಾಯವಿತ್ತು. ಹಿಮ ಬೀಳುವ ದೇಶಗಳಲ್ಲಿ ಪೈಪಿನೊಳಗೆ ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಪೈಪು ಸೀಳುತ್ತದೆ, ಪಂಪು ಒಡೆಯುತ್ತದೆ. ಅದಕ್ಕೇ ಅಲ್ಲಿ ಕೊಳಾಯಿಗಳಿಂದ ನೀರನ್ನೆಲ್ಲ ಇಳಿಸಿ, ವಿಷವಲ್ಲದ ಆಂಟಿಫ್ರೀಜ್ (ಹೆಪ್ಪುಗಟ್ಟುವುದನ್ನು ತಡೆಯುವ ದ್ರವ) ಹಾಯಿಸಿ ಗಾಡಿ ಮುಚ್ಚುತ್ತಾರೆ. ‘ನಮ್ಮಲ್ಲಿ ಹಿಮ ಎಲ್ಲಿ ಬೀಳುತ್ತೆ’ ಎಂದು ಮಾಲೀಕರು ಆ ಅಧ್ಯಾಯವನ್ನೇ ಬಿಟ್ಟರು. ಬ್ಯಾಟರಿ ಕಳಚಿಡಿ, ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರಕ್ಕೆ ಕಟ್ಟೆ ಕೊಡಿ, ಗಾಳಿಕಿಂಡಿ ತೆರೆದಿಡಿ, ಟ್ಯಾಂಕು ಖಾಲಿ ಮಾಡಿ ಎಂಬ ಮಾತುಗಳೂ ಅದೇ ಅಧ್ಯಾಯದಲ್ಲಿದ್ದವು. ಮಲೆನಾಡಿನಲ್ಲಿ ಗಾಡಿ ಸುಮ್ಮನೆ ನಿಲ್ಲುವ ಕಾಲ ಮಳೆಗಾಲ. ಕೈಪಿಡಿಯ ಅಷ್ಟೂ ಮಾತು ಇಲ್ಲಿಗೂ ಸಲ್ಲುತ್ತದೆ, ಆಂಟಿಫ್ರೀಜ್ ಒಂದನ್ನು ಬಿಟ್ಟು.

ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ, ಜೂನ್ 8ರಂದು, ಟ್ರೇಲರನ್ನು ಸಿಲ್ವರ್ (ಸಿಲ್ವರ್ ಓಕ್) ಮರಗಳ ಕೆಳಗೆ ಸಮತಟ್ಟಾದ ಮಣ್ಣಿನ ಮೇಲೆ ನಿಲ್ಲಿಸಿದರು. ಹ್ಯಾಂಡ್‌ಬ್ರೇಕ್ ಎಳೆದರು. ಕಿಟಕಿ, ಗಾಳಿಕಿಂಡಿ ಎಲ್ಲ ಮುಚ್ಚಿ, ನೀಲಿ ಟಾರ್ಪಾಲನ್ನು ನೆಲಕ್ಕೆ ತಾಗುವಂತೆ ಹೊದಿಸಿ, ನೈಲಾನ್ ಹಗ್ಗದಿಂದ ಬಿಗಿದು ಕಟ್ಟಿದರು. ಮತ್ತೆ ಬಿಚ್ಚಿದ್ದು ಅಕ್ಟೋಬರ್ 3ಕ್ಕೆ. 117 ದಿನ. ದಸರೆಯ ರಜೆಗೆ ಅತಿಥಿಗಳು ಮುಂಗಡ ಕೊಟ್ಟಾಗಿತ್ತು.

ಬಿಚ್ಚಿದಾಗ ಕಂಡದ್ದು

ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿದದ್ದು ನೆನೆದ ಗೋಣಿಚೀಲದ ವಾಸನೆ. ಹಾಸಿಗೆಗಳ ಅಡಿಭಾಗಕ್ಕೆ ಬೂದು-ಹಸಿರು ಬೂಷ್ಟು ಹಿಡಿದಿತ್ತು. ಬ್ಯಾಟರಿ 10.4 ವೋಲ್ಟ್ ತೋರಿಸಿತು. ಬಲಗಡೆಯ ಇಂಡಿಕೇಟರಿನ ವೈರನ್ನು ಇಲಿ ಕಡಿದಿತ್ತು. ಒಲೆಯ ಒಂದು ಬರ್ನರ್ ಹಳದಿ ಜ್ವಾಲೆ ಉಗುಳಿ ಪಾತ್ರೆಗೆ ಮಸಿ ಹತ್ತಿಸಿತು. ಹಿಂದಿನ ಬಲಮೂಲೆಯಲ್ಲಿ, ಹಾಸಿಗೆಯ ಕೆಳಗಿನ ನೆಲದ ಮೇಲೆ ಕಾಲಿಟ್ಟರೆ ಪ್ಲೈ ಒಂದಿಷ್ಟು ತಗ್ಗುತ್ತಿತ್ತು.

ಮಾಲೀಕರ ಕಣ್ಣಿಗೆ ದೊಡ್ಡದಾಗಿ ಕಂಡದ್ದು ಬ್ಯಾಟರಿ ಮತ್ತು ಬೂಷ್ಟು. ಎರಡೂ ಕಣ್ಣೆದುರಿಗಿದ್ದವು, ಎರಡಕ್ಕೂ ಪೇಟೆಯಲ್ಲಿ ಪರಿಹಾರ ಸಿಗುತ್ತಿತ್ತು. ಮೆತ್ತಗಾದ ಆ ಒಂದು ಮೂಲೆ ಪಟ್ಟಿಯ ಕೊನೆಗೆ ಹೋಯಿತು.

ಮೊದಲ ವಾರದ ಕೆಲಸ

ಮೂರು ದಿನದೊಳಗೆ ಮೂರು ಕೆಲಸ ಮುಗಿದವು. ಕಾರಿನ ಚಾರ್ಜರಿನಿಂದ ಬ್ಯಾಟರಿ ತುಂಬಿಸಿದರು. ಬೂಷ್ಟನ್ನು ಒಣ ಬ್ರಶ್‌ನಲ್ಲಿ ಉಜ್ಜಿದರು. ನಾಲ್ಕು ಟ್ಯೂಬ್ ಸಿಲಿಕೋನ್ ತಂದು ಚಾವಣಿಯ ಅಂಚು, ಮೂಲೆಪಟ್ಟಿ, ಕಿಟಕಿಯ ಚೌಕಟ್ಟು, ಹೀಗೆ ಗೆರೆ ಕಂಡಲ್ಲೆಲ್ಲ ಬಳಿದರು. ಮಾಡಿದವರ ಉದ್ದೇಶ ಒಳ್ಳೆಯದೇ. ಆದರೂ ಮೂರೂ ಕೆಲಸ ತಪ್ಪಿದವು, ಮತ್ತು ತಪ್ಪಿದ ರೀತಿ ಬೇರೆಬೇರೆ.

ಬೂಷ್ಟನ್ನು ಒಣಗಿದ್ದಾಗ ಉಜ್ಜಿದರೆ ಅದರ ಬೀಜಕಣಗಳು ಗಾಳಿಗೇರಿ ಇಡೀ ಗಾಡಿಯಲ್ಲಿ ಕೂರುತ್ತವೆ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒದ್ದೆಯಾಗಿ ಒರೆಸಿ ತೆಗೆಯಬೇಕು, ಅದೇ ದಿನ ಆ ಜಾಗ ಒಣಗಬೇಕು. ಒಳಗಿನವರೆಗೂ ಬೂಷ್ಟು ಹಿಡಿದ ಫೋಮ್ ಹಾಸಿಗೆಯನ್ನು ಉಳಿಸಿಕೊಳ್ಳುವ ದಾರಿಯಿಲ್ಲ. ಎರಡು ಹಾಸಿಗೆಯನ್ನು ಕೊನೆಗೂ ಎಸೆಯಬೇಕಾಯಿತು.

ಬ್ಯಾಟರಿಯದು ಲೆಕ್ಕದ ವಿಷಯ. ಎಲ್ಲ ಸ್ವಿಚ್ಚು ಆರಿಸಿದ ಮೇಲೂ ಮಲ್ಟಿಮೀಟರ್ ಸರಣಿಯಲ್ಲಿ ಹಾಕಿ ನೋಡಿದಾಗ 0.11 ಆಂಪಿಯರ್ ಹರಿಯುತ್ತಿತ್ತು. ಗ್ಯಾಸ್ ಸೋರಿಕೆ ಎಚ್ಚರಿಸುವ ಯಂತ್ರ ಮತ್ತು ಮ್ಯೂಸಿಕ್ ಸಿಸ್ಟಮಿನ ಗಡಿಯಾರ ಹಗಲು ರಾತ್ರಿ ಎಳೆಯುತ್ತಿದ್ದ ಕರೆಂಟು ಅದು. ದಿನಕ್ಕೆ 2.6 ಆಂಪಿಯರ್-ಅವರ್ ಆಯಿತು. 100ರ ಬ್ಯಾಟರಿ 38 ದಿನಕ್ಕೆ ಬರಿದು. ಅಂದರೆ ಜುಲೈ ಮಧ್ಯದ ಹೊತ್ತಿಗೇ ಅದು ಸತ್ತಿತ್ತು, ಆಮೇಲೆ ಎರಡೂವರೆ ತಿಂಗಳು ಸತ್ತ ಸ್ಥಿತಿಯಲ್ಲೇ ಕೂತಿತ್ತು. ಬರಿದಾದ ಸೀಸದ ಬ್ಯಾಟರಿ ಹಾಗೇ ಕೂತರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಆಮೇಲೆ ಚಾರ್ಜ್ ಏರಿದಂತೆ ಕಂಡರೂ ನಿಲ್ಲುವುದಿಲ್ಲ. ಡಿಸ್ಟಿಲ್ಡ್ ವಾಟರ್ ತುಂಬಿ, ನಿಧಾನವಾಗಿ ಪೂರ್ತಿ ಚಾರ್ಜ್ ಮಾಡಿ, 24 ಗಂಟೆ ಬಿಟ್ಟು ಅಳೆದಾಗ 12.6 ಬರಬೇಕಿದ್ದಲ್ಲಿ 12.2 ಬಂತು. ಒಂದು ಬಲ್ಬು ಹಚ್ಚಿ ಬಿಟ್ಟರೆ ಸಂಜೆಯೊಳಗೆ 11.8. ಹೊಸದು ತರುವುದು ಅನಿವಾರ್ಯವಾಯಿತು. ಅದರ ಜೊತೆಗೇ ಬ್ಯಾಟರಿಯ ಬಾಯಲ್ಲೇ ಪೂರ್ತಿ ಸಂಪರ್ಕ ಕಡಿಯುವ ಸ್ವಿಚ್ಚೊಂದನ್ನು ಹಾಕಿಸಿದರು.

ಸಿಲಿಕೋನಿನ ತಪ್ಪು ಬಯಲಾಗಲು ಒಂದು ಮಳೆ ಬೇಕಾಯಿತು.

ಅಕ್ಟೋಬರ್ 8ರ ಮಳೆ

ಅಂದು ಮಧ್ಯಾಹ್ನ ಹಸ್ತಾ ಮಳೆ ಗುಡುಗಿನೊಂದಿಗೆ ಒಂದು ತಾಸು ಹೊಡೆಯಿತು. ನಿಂತ ಮೇಲೆ ಒಳಗೆ ಹೋಗಿ ನೋಡಿದರೆ, ಅಲ್ಲಿಯವರೆಗೆ ಒಣಗಿದ್ದ ಬಲಗಡೆಯ ಕಿಟಕಿಯ ಕೆಳಗೆ ನೀರು ಇಳಿದಿತ್ತು. ಹಳೆಯ ಸೋರಿಕೆ ನಿಂತಿರಲಿಲ್ಲ, ಹೊಸದೊಂದು ಹುಟ್ಟಿತ್ತು.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಜಾರುವ ಗಾಜಿನ ಕಿಟಕಿಯ ಕೆಳಗಿನ ಹಳಿಗೆ ಮಳೆನೀರು ಬಂದೇ ಬರುತ್ತದೆ. ಅದು ಹೊರಗೆ ಹೋಗಲೆಂದೇ ಚೌಕಟ್ಟಿನ ಕೆಳ ಅಂಚಿನಲ್ಲಿ, ಬೆರಳಿನ ಉಗುರಿನಷ್ಟು ಉದ್ದದ ಎರಡು ಸೀಳು ಇಟ್ಟಿರುತ್ತಾರೆ. ಗೊತ್ತಿಲ್ಲದವರಿಗೆ ಅದು ಬಿರುಕಿನಂತೆ ಕಾಣುತ್ತದೆ. ಸಿಲಿಕೋನ್ ಆ ಎರಡನ್ನೂ ಮುಚ್ಚಿತ್ತು. ಹಳಿ ತುಂಬಿದ ನೀರಿಗೆ ಒಳಗೆ ಉಕ್ಕದೆ ಬೇರೆ ದಾರಿ ಉಳಿದಿರಲಿಲ್ಲ.

ಅಂದೇ ಸಂಜೆ ಮರದ ಕೆಲಸ ಬಲ್ಲ ಬಡಗಿಯೊಬ್ಬರನ್ನು ಕರೆಸಿದರು. ಅವರು ಸಾಮಿಲ್ಲಿನಿಂದ ಮರದ ತೇವ ಅಳೆಯುವ, ಎರಡು ಮುಳ್ಳಿನ ಮೀಟರ್ ತಂದಿದ್ದರು. ಮೊದಲು ಅಳೆದದ್ದು ಚೆನ್ನಾಗಿದ್ದ ಮುಂದಿನ ಎಡಗೋಡೆಯನ್ನು: ಶೇ. 16. ಆಮೇಲೆ ಹಿಂದಿನ ಬಲಮೂಲೆ: ನೆಲದ ಬಳಿ 31, ಒಂದಡಿ ಮೇಲೆ 26, ಚಾವಣಿಯ ಹತ್ತಿರ 23. ದಬ್ಬಳ ತೆಗೆದು ನೆಲದ ಪ್ಲೈಗೆ ಒತ್ತಿದರು. ಬೆಣ್ಣೆಗೆ ಇಳಿದಂತೆ ಇಳಿಯಿತು. ಹೊರಗೆಳೆದಾಗ ತುದಿಗೆ ಕಪ್ಪು ನಾರು ಅಂಟಿಕೊಂಡಿತ್ತು.

“ಅಕ್ಕಾ, ಇದನ್ನ ಮೇಲಿಂದ ಮುಚ್ಚಿ ಕೊಡೋದು ಒಂದು ದಿನದ ಕೆಲಸ. ಬಿಚ್ಚಿ ಒಣಗಿಸಿ ಕೊಡೋದು ಎರಡು ವಾರ. ಯಾವುದು ಹೇಳ್ತೀರೋ ಮಾಡ್ತೀನಿ,” ಎಂದರು ಬಡಗಿ.

ಇಡೀ ಪ್ರಕರಣ ಹೊರಳಿದ್ದು ಇಲ್ಲಿ. ಮರುದಿನ ಬೆಳಿಗ್ಗೆ ಹೋಮ್‌ಸ್ಟೇಯ ಒಡತಿ ದಸರೆಯ ಅತಿಥಿಗಳಿಗೆ ಫೋನ್ ಮಾಡಿ, ತೋಟದ ಮನೆಯ ಕೋಣೆ ಕೊಡುತ್ತೇವೆ, ಬೇಡವಾದರೆ ಮುಂಗಡ ವಾಪಸ್ ಎಂದು ತಿಳಿಸಿದರು. ಟ್ರೇಲರಿನ ದಿನವನ್ನು ದೀಪಾವಳಿಗೆ ಹಾಕಿದರು. ಅದಕ್ಕಿಂತ ಮುಂದೆ ಹಾಕುವಂತೆಯೂ ಇರಲಿಲ್ಲ. ಗಾಡಿ ಒಣಗಿಸಲು ತೋಟದಲ್ಲಿ ಇಡೀ ದಿನ ಬಿಸಿಲು ಬೀಳುವ ಜಾಗವೆಂದರೆ ಕಾಫಿ ಕಣ ಒಂದೇ. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ಕಣ ಹಣ್ಣಿಗೆ ಬೇಕು. ಒದ್ದೆ ಮರದ ಮೇಲೆ ಹೊಸ ಪ್ಲೈ ಬಡಿದಿದ್ದರೆ ದಸರೆಯೂ ನಡೆಯುತ್ತಿತ್ತು, ದೀಪಾವಳಿಯೂ ನಡೆಯುತ್ತಿತ್ತು. ಮುಂದಿನ ಮಳೆಗಾಲದಲ್ಲಿ ಹಿಂದಿನ ಗೋಡೆಯೇ ಕೈಗೆ ಬರುತ್ತಿತ್ತು.

ಕಣಕ್ಕೆ ಎಳೆಯುವಾಗ

ಟ್ರ್ಯಾಕ್ಟರ್ ಕಟ್ಟಿ ಎಳೆದಾಗ ಬಲಚಕ್ರ ತಿರುಗಿತು, ಎಡಚಕ್ರ ತಿರುಗದೆ ಮಣ್ಣಿನಲ್ಲಿ ಗೀರಿಕೊಂಡು ಬಂತು. ಹತ್ತು ಅಡಿ ಹೋಗುವಷ್ಟರಲ್ಲಿ ಚಾಲಕ ನಿಲ್ಲಿಸಿದ್ದು ಒಳ್ಳೆಯದಾಯಿತು. ಎಳೆದಿರುವ ಹ್ಯಾಂಡ್‌ಬ್ರೇಕಿನಲ್ಲಿ ನಾಲ್ಕು ತಿಂಗಳು ತೇವ ಕುಡಿದರೆ ಬ್ರೇಕ್ ಶೂ ತುಕ್ಕಿನಿಂದ ಡ್ರಮ್ಮಿಗೆ ಅಂಟುತ್ತದೆ. ಬಲವಂತವಾಗಿ ಎಳೆದರೆ ಶೂ ಹಾಗೇ ಉಳಿದು ಅದರ ಲೈನಿಂಗ್ ಕಿತ್ತು ಬರುತ್ತದೆ. ಜಾಕಿ ಕೊಟ್ಟು, ಅಡಿಗೆ ಮರದ ದಿಮ್ಮಿ ಇಟ್ಟು, ಡ್ರಮ್ಮಿನ ಅಂಚಿಗೆ ಸುತ್ತಲೂ ಮರದ ಸುತ್ತಿಗೆಯಿಂದ ತಟ್ಟಿ ಬಿಡಿಸಿದಾಗ ಒಂದು ಶೂನ ಲೈನಿಂಗ್ ಆಗಲೇ ಅರ್ಧ ಎದ್ದಿತ್ತು. ಬ್ರೇಕು ಎರಡೂ ಕಡೆ ಸಮನಾಗಿ ಹಿಡಿಯಬೇಕಾದ್ದರಿಂದ ಎರಡೂ ಚಕ್ರದ ಶೂಗಳನ್ನು ಒಟ್ಟಿಗೇ ಬದಲಿಸಿದರು.

ಡ್ರಮ್ ಬಿಚ್ಚಿದ್ದರಿಂದ ಬೇರಿಂಗೂ ಕಣ್ಣಿಗೆ ಬಿತ್ತು. ಒಳಗಿನ ಗ್ರೀಸು ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಆ ಬಣ್ಣ ಕಂಡರೆ ಆಯಿಲ್ ಸೀಲ್ ದಾಟಿ ನೀರು ಸೇರಿದೆ ಎಂದೇ ಅರ್ಥ. ಈ ಗಾಡಿಯದು ಟೇಪರ್ ರೋಲರ್ ಬೇರಿಂಗ್. ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ, ರೋಲರುಗಳನ್ನೂ ಅವು ಓಡುವ ಬಳೆಯನ್ನೂ ಬೆಳಕಿಗೆ ಹಿಡಿದು ನೋಡಬೇಕು. ಗುಳಿ ಬಿದ್ದಿದ್ದರೆ ಅಥವಾ ಸುಟ್ಟ ನೀಲಿ ಬಣ್ಣ ಬಂದಿದ್ದರೆ ಬೇರಿಂಗನ್ನೂ ಬಳೆಯನ್ನೂ ಜೋಡಿಯಾಗಿ ಬದಲಿಸಬೇಕು. ಎಡಗಡೆಯ ಒಳ ಬೇರಿಂಗ್ ಹೋಗಿತ್ತು, ಉಳಿದ ಮೂರು ಚೆನ್ನಾಗಿದ್ದವು. ಅಂಗೈಯಲ್ಲಿ ಲಿಥಿಯಂ ಗ್ರೀಸ್ ಇಟ್ಟುಕೊಂಡು ಬೇರಿಂಗಿನ ಅಗಲದ ಬಾಯಿಯನ್ನು ಅದಕ್ಕೆ ಒತ್ತಿ, ಇನ್ನೊಂದು ಬದಿಯಿಂದ ಗ್ರೀಸ್ ಇಣುಕುವವರೆಗೆ ತುಂಬುವುದು ಕ್ರಮ. ಮೇಲೆ ಸವರಿದರೆ ರೋಲರುಗಳ ನಡುವೆ ಹೋಗುವುದಿಲ್ಲ. ಸೀಲ್ ಮತ್ತು ಸ್ಪ್ಲಿಟ್ ಪಿನ್ ಯಾವಾಗಲೂ ಹೊಸದೇ ಹಾಕಬೇಕು. ಚಕ್ರವನ್ನು ತಿರುಗಿಸುತ್ತ ನಟ್ ಬಿಗಿದು, ಬೇರಿಂಗ್ ಕೂತ ಮೇಲೆ ಸಡಿಲಿಸಿ, ಬೆರಳಿನಲ್ಲಿ ತಿರುಗುವಷ್ಟಕ್ಕೆ ಮಾತ್ರ ಮತ್ತೆ ಬಿಗಿದು, ಹತ್ತಿರದ ತೂತಿಗೆ ಪಿನ್ ಹಾಕಿದರು. ಸ್ಪಾನರ್ ಹಾಕಿ ಬಿಗಿಯಾಗಿ ಬಿಟ್ಟ ಬೇರಿಂಗ್ ಕಾದು ಹಿಡಿದುಕೊಳ್ಳುವುದು ಘಾಟಿ ಇಳಿಯುವಾಗಲೇ.

ಟೈರಿನ ಬಗ್ಗೆ ಒಂದು ಸಣ್ಣ ಚರ್ಚೆ ನಡೆಯಿತು. ಮೇಲ್ಮೈ ಸವೆಯದೆ ಹೊಸದರಂತೆಯೇ ಇತ್ತು. ಬದಿಯಲ್ಲಿ ಕೊನೆಯ ನಾಲ್ಕಂಕಿ 2317. ಮೊದಲ ಎರಡು ವಾರ, ಕೊನೆಯ ಎರಡು ವರ್ಷ: 2017ರ 23ನೇ ವಾರ ತಯಾರಾದದ್ದು. ಏಳು ವರ್ಷ ದಾಟಿದ, ಬದಿಯಲ್ಲಿ ಕೂದಲೆಳೆ ಬಿರುಕು ಬಿಟ್ಟ ಟೈರದು. ಟ್ರೇಲರಿನ ಟೈರು ಸವೆದು ಹಾಳಾಗುವುದಕ್ಕಿಂತ ನಿಂತಲ್ಲೇ ವಯಸ್ಸಾಗಿ ಹಾಳಾಗುವುದೇ ಹೆಚ್ಚು. ಎರಡನ್ನೂ ಬದಲಿಸಿದರು. ಸ್ಟೆಪ್ನಿಯನ್ನು ನೋಡುವುದು ಹೆಚ್ಚಿನವರಿಗೆ ಮರೆಯುತ್ತದೆ, ಇವರಿಗೂ ಮರೆತಿತ್ತು. ಅದು ಹಿಂದಿನ ಎರಡರ ಒಡಹುಟ್ಟೇ ಆಗಿತ್ತು, ಅದನ್ನೂ ಬದಲಿಸಬೇಕಾಯಿತು.

ನೀರಿನ ದಾರಿ

ಬಿಚ್ಚುವ ಮುನ್ನ ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕಿತ್ತು. ಎಲ್ಲರ ಅನುಮಾನ ಚಾವಣಿಯ ಮೇಲೆ. ಸಿಲಿಕೋನನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ತೆಗೆಯಲು ಒಂದೂವರೆ ದಿನ ಹಿಡಿಯಿತು. ಸಿಲಿಕೋನಿನ ಪಸೆ ಉಳಿದರೆ ಅದರ ಮೇಲೆ ಬೇರೆ ಯಾವ ಸೀಲಂಟೂ ಕಚ್ಚುವುದಿಲ್ಲ. ಟ್ರೇಲರಿನ ಚಾವಣಿಗೆ ಅದನ್ನು ಹಚ್ಚಲೇಬಾರದೆಂದು ನಾವು ಒತ್ತಿ ಹೇಳುವುದು ಇದಕ್ಕೇ.

ಆಮೇಲೆ ಪೈಪಿನ ಪರೀಕ್ಷೆ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತರು, ಇನ್ನೊಬ್ಬರು ಹೊರಗೆ ಸಣ್ಣಗೆ ನೀರು ಬಿಟ್ಟರು. ನಿಯಮ ಒಂದೇ: ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲೇ ಮೇಲೆ ನೀರು ಹರಿಸಿದರೆ ಅದು ಕೆಳಗಿನ ಎಲ್ಲ ಕೀಲನ್ನೂ ತೋಯಿಸಿಕೊಂಡು ಇಳಿಯುತ್ತದೆ, ಯಾವುದು ಸೋರಿತೆಂದು ಗೊತ್ತಾಗುವುದಿಲ್ಲ. ನೆಲ ಮತ್ತು ಗೋಡೆ ಸೇರುವಲ್ಲಿ ಹತ್ತು ನಿಮಿಷ, ಏನೂ ಇಲ್ಲ. ಹಿಂದಿನ ದೊಡ್ಡ ಲೈಟಿನ ಸುತ್ತ ಹತ್ತು ನಿಮಿಷ, ಏನೂ ಇಲ್ಲ. ಕಿಟಕಿ, ಈಗ ಸೀಳು ತೆರೆದಿದ್ದರಿಂದ ಒಣಗಿತ್ತು. ನಂತರ ಹಿಂಗೋಡೆಯ ಮೇಲ್ತುದಿಯಲ್ಲಿ, ಬೆಂಕಿಪೊಟ್ಟಣದಷ್ಟು ದೊಡ್ಡ ಕೆಂಪು ಮಾರ್ಕರ್ ಲೈಟು. ಆರನೇ ನಿಮಿಷಕ್ಕೆ ಒಳಗಿದ್ದವರು ಕೂಗಿದರು. ಒಳಗಿನ ಪ್ಲೈಯನ್ನು ಒಂದು ಅಗಲ ಮೊದಲೇ ಬಿಚ್ಚಿಟ್ಟಿದ್ದರಿಂದ ಕಂಡಿತು: ಸ್ಕ್ರೂ ತೂತಿನಿಂದ ಒಂದು ಹನಿ ಮೂಡಿ, ರೀಪಿನ ಮೇಲೆ ಜಾರಿ, ಥರ್ಮೋಕೋಲಿನ ಹಿಂದೆ ಮರೆಯಾಗಿ, ನಾಲ್ಕು ನಿಮಿಷದ ನಂತರ ನೆಲದ ಮೂಲೆಯಲ್ಲಿ ಕಾಣಿಸಿಕೊಂಡಿತು. ಒಳಗೋಡೆಯ ಮೇಲೆ ಕಲೆಯೇ ಇರದಿದ್ದುದು ಇದಕ್ಕೇ.

ಲೈಟು ಕೆಟ್ಟದ್ದು ಹೇಗೆ ಎಂಬುದಕ್ಕೂ ಅಲ್ಲೇ ಸಾಕ್ಷಿಯಿತ್ತು. ಅದರ ಗಾಜಿನ ಮೇಲೆ ನೀಲಿ ನೈಲಾನ್ ಎಳೆ ಸಿಕ್ಕಿಕೊಂಡಿತ್ತು. ಟಾರ್ಪಾಲಿನ ಹಗ್ಗ ಸರಿಯಾಗಿ ಅದರ ಮೇಲೆ ಹಾದುಹೋಗಿತ್ತು. ಜುಲೈನ ಗಾಳಿಗೆ ಟಾರ್ಪಾಲು ಬಡಿದಾಗಲೆಲ್ಲ ಹಗ್ಗ ಲೈಟನ್ನು ತೀಡಿ, ಅದರಡಿಯ ರಬ್ಬರ್ ಹರಿದಿತ್ತು. ಮಳೆಯಿಂದ ಕಾಪಾಡಲು ಕಟ್ಟಿದ ಹಗ್ಗವೇ ಮಳೆಗೆ ಬಾಗಿಲು ತೆಗೆದಿತ್ತು. ಒಳಗೆ ಹೋದ ತೇವ ಹೊರಗೆ ಹೋಗದಂತೆ ಟಾರ್ಪಾಲು ನೆಲದವರೆಗೆ ಮುಚ್ಚಿತ್ತು.

ಒಣಗಿಸಿದ್ದು

ಹಿಂದಿನ ಬಲಮೂಲೆಯ ಒಳಪ್ಲೈ, ಥರ್ಮೋಕೋಲ್ ಮತ್ತು ನೆಲದ ಒಂದು ತುಂಡನ್ನು ಕೊಯ್ದು ತೆಗೆದರು. ದಬ್ಬಳ ಇಳಿಯುವುದು ನಿಂತ ಜಾಗದಿಂದ ಇನ್ನೂ ಒಂದು ಗೇಣು ಆಚೆಗೆ ಕೊಯ್ದರು, ಕೊಳೆತ ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಹೋಗಿರುತ್ತದೆ. ಆಯುಧಪೂಜೆಯ ದಿನ ಗಾಡಿ ಹಿಂದಿನ ಮೂಲೆ ಬಿಚ್ಚಿಕೊಂಡೇ ಕಣದ ಮೇಲೆ ನಿಂತಿತ್ತು, ಮನೆಯವರು ಹಾಗೇ ಅದಕ್ಕೆ ಸೇವಂತಿಗೆ ಹಾರ ಹಾಕಿ ಕುಂಬಳಕಾಯಿ ಒಡೆದರು.

ಮಲೆನಾಡಿನ ಅಕ್ಟೋಬರಿನಲ್ಲಿ ಒಣಗಿಸುವುದಕ್ಕೆ ಒಂದು ಹದವಿದೆ. ಬೆಳಗಿನ ಜಾವ ಬಾಗಿಲು ತೆರೆದರೆ ಮಂಜಿನ ತೇವ ಒಳಗೆ ಬರುತ್ತದೆ. ಹತ್ತು ಗಂಟೆಗೆ ಮಂಜು ಕರಗಿ ಕಣದ ಸಿಮೆಂಟು ಕಾದ ಮೇಲೆ ಬಾಗಿಲು, ಕಿಟಕಿ, ಚಾವಣಿಯ ಕಿಂಡಿ ಎಲ್ಲ ತೆರೆದು, ಗಾಳಿಯನ್ನು ಹೊರಗೆ ತಳ್ಳುವಂತೆ ಒಂದು ಟೇಬಲ್ ಫ್ಯಾನನ್ನು ಬಾಗಿಲಿಗೆ ಮುಖ ಮಾಡಿ ಇಟ್ಟರು. ಎರಡು, ಎರಡೂವರೆಗೆ ಮೋಡ ಕಟ್ಟಿತೆಂದರೆ ಎಲ್ಲ ಮುಚ್ಚಿದರು. ಹೀಟರ್ ಹಚ್ಚಿ ಗಾಡಿ ಮುಚ್ಚಿಡೋಣ ಎಂಬ ಸಲಹೆಯನ್ನು ಬಡಗಿ ಒಪ್ಪಲಿಲ್ಲ, ಅದು ಸರಿಯಾಗಿತ್ತು. ಬಿಸಿ ಗಾಳಿ ಮರದಿಂದ ತೇವ ಎಬ್ಬಿಸುತ್ತದೆ, ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ರಾತ್ರಿ ತಣ್ಣಗಿನ ತಗಡಿನ ಒಳಮೈಯಲ್ಲಿ ಅದೇ ತೇವ ಹನಿಯಾಗಿ ಕೂರುತ್ತದೆ.

ದಿನಾ ಮಧ್ಯಾಹ್ನ ಒಂದೂವರೆಗೆ ಅಳತೆ. ಗುರಿ ಎಷ್ಟೆಂದು ಮೊದಲೇ ತೀರ್ಮಾನವಾಗಿತ್ತು: ಚೆನ್ನಾಗಿರುವ ಎಡಗೋಡೆಗಿಂತ ಎರಡು ಅಂಕಿಗಿಂತ ಹೆಚ್ಚಿರಬಾರದು. ಪುಸ್ತಕದಲ್ಲಿ ಬರೆದ ಶೇ. 10 ಅಥವಾ 12ಕ್ಕೆ ಕಾಯುತ್ತ ಕೂತರೆ ಈ ಹವೆಯಲ್ಲಿ ಡಿಸೆಂಬರ್ ಬರುತ್ತದೆ, ಯಾಕೆಂದರೆ ಮರ ತನ್ನ ಸುತ್ತಲಿನ ಗಾಳಿಗೆ ಸಮನಾಗಿ ನಿಲ್ಲುತ್ತದೆ. 31 ಇದ್ದದ್ದು ನಾಲ್ಕನೇ ದಿನಕ್ಕೆ 25, ಎಂಟನೇ ದಿನಕ್ಕೆ 20, ಹನ್ನೆರಡನೇ ದಿನಕ್ಕೆ 17. ಎಡಗೋಡೆ ಆ ಹೊತ್ತಿಗೆ 15ಕ್ಕೆ ಇಳಿದಿತ್ತು.

ಈ ಮಧ್ಯೆ ಒಡತಿ ತೆಗೆದುಕೊಂಡ ಇನ್ನೊಂದು ನಿರ್ಧಾರವನ್ನು ಹೇಳಲೇಬೇಕು. ನೆಲ ಮುಚ್ಚುವ ಮೊದಲೇ ಟ್ಯಾಂಕಿಗೆ ನೀರು ತುಂಬಿ ಪಂಪು ಓಡಿಸಿ ನೋಡೋಣ ಎಂದರು. ಎಲ್ಲ ನಲ್ಲಿ ಮುಚ್ಚಿದ್ದಾಗ ಪಂಪು ಒಮ್ಮೆ ಒತ್ತಡ ಕಟ್ಟಿ ಸುಮ್ಮನಾಗಬೇಕು. ಇದು ಏಳೆಂಟು ನಿಮಿಷಕ್ಕೊಮ್ಮೆ ‘ಟರ್ರ್’ ಎಂದು ಎರಡು ಸೆಕೆಂಡು ಓಡಿ ನಿಲ್ಲುತ್ತಿತ್ತು. ಎಲ್ಲೋ ಹನಿ ಜಾರುತ್ತಿದೆ ಎಂಬುದರ ಲಕ್ಷಣ ಅದು. ಟಿಶ್ಯೂ ಕಾಗದದ ತುಂಡನ್ನು ಒಂದೊಂದೇ ಕೀಲಿಗೆ ಸುತ್ತಿ ನೋಡುತ್ತ ಹೋದಾಗ ಪಂಪಿನ ಹೊರಬಾಯಿಯ ಓ-ರಿಂಗ್ ಸಿಕ್ಕಿತು. ಆ ಪಂಪು ಇದ್ದದ್ದು ಕೊಯ್ದ ಮೂಲೆಯಿಂದ ಒಂದು ಮೊಳ ದೂರದಲ್ಲಿ. ನೆಲ ಮುಚ್ಚಿದ ಮೇಲೆ ಇದು ಗೊತ್ತಾಗುತ್ತಿದ್ದರೆ ಹೊಸ ಪ್ಲೈಯನ್ನೇ ಮತ್ತೆ ಎತ್ತಬೇಕಿತ್ತು.

ಮುಚ್ಚುವ ಕೆಲಸಕ್ಕೆ ತೋಟದಲ್ಲೇ ಬಿದ್ದಿದ್ದ ಸಿಲ್ವರ್ ಹಲಗೆ ಬಳಸೋಣವೆಂದು ಮಾಲೀಕರು ಕೇಳಿದರು. ನೀರು ತಾಗುವ ಜಾಗಕ್ಕೆ ಅದು ಬಾಳುವುದಿಲ್ಲ, ಬಡಗಿ ಹಳೇ ಸಾಗುವಾನಿ ಬಾಗಿಲಿನಿಂದ ರೀಪು ಸೀಳಿದರು. ಉಳಿದ ಹಳೆ ಮರಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರು ಬಳಿದು ಒಣಗಿಸಿದರು, ಬೂಷ್ಟಿಗೂ ಗೆದ್ದಲಿಗೂ ಅದು ತಡೆ. ನೆಲಕ್ಕೆ ಐಎಸ್ 710 ಗುರುತಿನ ಮೆರೈನ್ ಪ್ಲೈ, ಕೊಯ್ದ ಅಂಚುಗಳಿಗೆಲ್ಲ ಎರಡು ಸಲ ಎಪಾಕ್ಸಿ. ಪ್ಲೈ ನೀರು ಕುಡಿಯುವುದು ಮೇಲ್ಮೈಯಿಂದಲ್ಲ, ಅಂಚಿನಿಂದ. ಮಾರ್ಕರ್ ಲೈಟಿಗೆ ಹೊಸ ರಬ್ಬರ್, ಅದರ ಹಿಂದೆ ಬ್ಯೂಟೈಲ್ ಟೇಪ್, ಸ್ಟೇನ್‌ಲೆಸ್ ಸ್ಕ್ರೂ. ಬ್ಯೂಟೈಲ್ ಗಟ್ಟಿಯಾಗದೆ ಮೆತ್ತಗೇ ಉಳಿಯುವುದರಿಂದ ಗಾಡಿ ಅಲುಗಿದಾಗ ಜೊತೆಗೇ ಅಲುಗುತ್ತದೆ. ಒಮ್ಮೆ ಬಿಗಿದು, ಬಿಸಿಲಿಗೆ ಟೇಪು ಹಿಂಡಿಕೊಂಡ ಮೇಲೆ ಮರುದಿನ ಮತ್ತೆ ಕಾಲು ಸುತ್ತು ಬಿಗಿದರು.

ಗ್ಯಾಸು ಮತ್ತು ಕುಡಿಯುವ ನೀರು

ಹಳದಿ ಜ್ವಾಲೆಯ ಬರ್ನರನ್ನು ಬಿಚ್ಚಿದಾಗ ಅದರ ಗಾಳಿ ಎಳೆಯುವ ನಳಿಗೆಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಗಾಳಿ ಸಾಲದೆ ಉರಿದ ಗ್ಯಾಸು ಮಸಿಯ ಜೊತೆಗೆ ಕಾರ್ಬನ್ ಮೊನಾಕ್ಸೈಡನ್ನೂ ಬಿಡುತ್ತದೆ. ನಾಲ್ವರು ಮಲಗುವ ಸಣ್ಣ ಪೆಟ್ಟಿಗೆಯಲ್ಲಿ ಇದು ಜೀವದ ಪ್ರಶ್ನೆ. ನಳಿಗೆಯನ್ನು ತೊಳೆದು, ಜ್ವಾಲೆ ನೀಲಿಯಾಗಿ ನಿಂತ ಮೇಲೆಯೇ ಒಪ್ಪಿಕೊಂಡರು. ಬಿರುಕು ಬಿಟ್ಟ ಗ್ಯಾಸ್ ಪೈಪನ್ನು ಐಎಸ್‌ಐ ಗುರುತಿನ ಸುರಕ್ಷಾ ಪೈಪಿಗೆ ಬದಲಿಸಿ, ಎಲ್ಲ ಕೀಲಿಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿದರು. ಒಂದು ಕೀಲಿನಲ್ಲಿ ಎದ್ದಿತು, ಬಿಗಿದ ಮೇಲೆ ನಿಂತಿತು. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವ ಅಭ್ಯಾಸ ಈಗಲೂ ಕೆಲವರಲ್ಲಿದೆ, ದಯವಿಟ್ಟು ಯಾರೂ ಮಾಡಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ನೆಲದಲ್ಲಿ ಕೂರುತ್ತದೆ. ಅದಕ್ಕೇ ಸಿಲಿಂಡರ್ ಗೂಡಿನ ತಳದಲ್ಲಿ ತೂತಿರುತ್ತದೆ. ಇಲ್ಲಿ ಸಿಲ್ವರ್ ಎಲೆ ಮತ್ತು ಮಣ್ಣು ಸೇರಿ ಆ ತೂತು ಪೂರ್ತಿ ಮುಚ್ಚಿಹೋಗಿತ್ತು. ಮನೆಬಳಕೆಯ 14.2 ಕೆಜಿ ಸಿಲಿಂಡರನ್ನು ಅತಿಥಿಗಳ ಗಾಡಿಗೆ ಇಡುವಂತಿಲ್ಲವಾದ್ದರಿಂದ 5 ಕೆಜಿಯ ಮುಕ್ತ ಮಾರಾಟದ ಸಿಲಿಂಡರಿಗೆ ಬದಲಾದರು.

ಟ್ಯಾಂಕಿನಲ್ಲಿ ಜೂನಿನಿಂದ ಅರ್ಧ ನೀರು ಹಾಗೇ ಇತ್ತು. ಮೊದಲು ಖಾಲಿ ಮಾಡಿ ಒಳಗಿನ ಲೋಳೆಯನ್ನು ಎರಡು ಸಲ ಜಾಲಾಡಿದರು, ಕೊಳೆ ಉಳಿದರೆ ಕ್ಲೋರಿನ್ನೆಲ್ಲ ಅದಕ್ಕೇ ಖರ್ಚಾಗುತ್ತದೆ. ಫಿಲ್ಟರ್ ಕಾರ್ಟ್ರಿಜ್ ತೆಗೆದಿಟ್ಟು, 100 ಲೀಟರ್ ನೀರಿಗೆ ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ 100 ಮಿಲಿಲೀಟರ್ ಬೆರೆಸಿದರು. ಒಂದು ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೀಳುವ ಲೆಕ್ಕವಿದು. ಪ್ರತಿ ನಲ್ಲಿಯಲ್ಲೂ ವಾಸನೆ ಬರುವವರೆಗೆ ಹರಿಸಿ, ಮುಚ್ಚಿ, ನಾಲ್ಕು ತಾಸು ಬಿಟ್ಟು, ಇಳಿಸಿ, ವಾಸನೆ ಹೋಗುವವರೆಗೆ ಶುದ್ಧ ನೀರಿನಲ್ಲಿ ತೊಳೆದರು. ಕ್ಲೋರಿನ್ ಜೊತೆ ವಿನೆಗರ್ ಅಥವಾ ಬಾತ್‌ರೂಮ್ ತೊಳೆಯುವ ಆಸಿಡ್ ಸೇರಿಸಿದರೆ ವಿಷಾನಿಲ ಏಳುತ್ತದೆ.

ಏನಾಯಿತು

ಅಕ್ಟೋಬರ್ 27ರಂದು ಅತಿಥಿಗಳಿಲ್ಲದೆ ದಂಪತಿ ತಾವೇ ಟ್ರೇಲರನ್ನು ಬೇಲೂರು, ಹಾಸನದ ಮೇಲೆ ಹಿನ್ನೀರಿನ ಜಾಗಕ್ಕೆ ಎಳೆದುಕೊಂಡು ಹೋಗಿ ಒಂದು ರಾತ್ರಿ ಮಲಗಿ ಬಂದರು. ಈ ಪರೀಕ್ಷೆಯ ರಾತ್ರಿಯನ್ನು ಬಿಡಬಾರದೆಂಬುದು ನಮ್ಮ ದೃಢವಾದ ಅಭಿಪ್ರಾಯ. ಬೇಲೂರಿನಲ್ಲಿ ನಿಲ್ಲಿಸಿ ಹಬ್ ಮುಟ್ಟಿ ನೋಡಿದಾಗ ಬಲಗಡೆಯದು ಬೆಚ್ಚಗಿತ್ತು, ಎಡಗಡೆಯದರ ಮೇಲೆ ಕೈ ಇಡಲಾಗಲಿಲ್ಲ. ಹೊಸ ಶೂ ಡ್ರಮ್ಮಿಗೆ ತೀಡುತ್ತಿತ್ತು. ಹೊಂದಿಸುವ ಸ್ಕ್ರೂವನ್ನು ಎರಡು ಹಲ್ಲು ಹಿಂದಕ್ಕೆ ತಿರುಗಿಸಿದ ಮೇಲೆ ಹಾಸನದಲ್ಲಿ ಎರಡೂ ಸಮನಾಗಿದ್ದವು. ಚಕ್ರದ ನಟ್ಟುಗಳನ್ನು ಅಲ್ಲೇ ಮತ್ತೊಮ್ಮೆ ಟಾರ್ಕ್ ರೆಂಚಿನಲ್ಲಿ ನೋಡಿದಾಗ ಹತ್ತರಲ್ಲಿ ಮೂರು ಒಂದಿಷ್ಟು ತಿರುಗಿದವು. ಚಕ್ರ ಬಿಚ್ಚಿ ಹಾಕಿದ ಮೇಲೆ ಮೊದಲ 80 ಕಿಲೋಮೀಟರಿನಲ್ಲಿ ಹೀಗಾಗುವುದು ಸಾಮಾನ್ಯ. ಆ ರಾತ್ರಿ ಚಿತ್ತೆ ಮಳೆ ಕಳೆದು ಸ್ವಾತಿಯ ಒಂದು ಹದ ಮಳೆ ಬಿತ್ತು. ಮೂಲೆ ಒಣಗಿತ್ತು.

ದೀಪಾವಳಿಯ ಅತಿಥಿಗಳು ಬಂದು ಹೋದರು. ಕಾಫಿ ಹೂ ಬಿಡಿಸುವ ಮಾರ್ಚಿನ ಮಳೆಯಲ್ಲಿ ಕಿಟಕಿಯ ಒಂದು ಸೀಳಿಗೆ ಕಸ ಸಿಕ್ಕಿ ಸ್ವಲ್ಪ ನೀರು ನಿಂತದ್ದನ್ನು ಬಿಟ್ಟರೆ ಬೇರೆ ತೊಂದರೆ ಬರಲಿಲ್ಲ.

ಮುಂದಿನ ಮಳೆಗಾಲಕ್ಕೆ ಟಾರ್ಪಾಲು ಬಿಟ್ಟರು. ಕಣದ ಪಕ್ಕ ನಾಲ್ಕು ಕಂಬ ನೆಟ್ಟು, ಬದಿ ತೆರೆದಿರುವ ತಗಡಿನ ಮಾಡು ಕಟ್ಟಿದರು. ನೀರು ಒಂದೇ ಕಡೆ ಜಾರುವಂತೆ ಗಾಡಿಯ ಮೂತಿಯನ್ನು ನಾಲ್ಕು ಇಂಚು ಎತ್ತರಿಸಿದರು. ಚಕ್ರದ ಕೆಳಗೆ ಹಲಗೆ, ಮುಂದೆ ಹಿಂದೆ ಮರದ ಕಟ್ಟೆ, ಹ್ಯಾಂಡ್‌ಬ್ರೇಕ್ ಬಿಟ್ಟಿತ್ತು. ಬ್ಯಾಟರಿ ತೋಟದ ಮನೆಗೆ ಹೋಯಿತು, ತಿಂಗಳಿಗೊಮ್ಮೆ ಚಾರ್ಜಿಗೆ. ಹಾಸಿಗೆಗಳು ಅಟ್ಟಕ್ಕೆ. ಬೀರುಗಳ ಬಾಗಿಲೆಲ್ಲ ತೆರೆದು ಕಟ್ಟಿದರು, ಗಾಳಿಕಿಂಡಿಗಳಿಗೆ ಸೊಳ್ಳೆ ಬಲೆ, ವೈರು ಹಾದುಹೋಗುವ ತೂತುಗಳಿಗೆ ಇಲಿ ಕಡಿಯಲಾಗದ ಸ್ಟೀಲ್ ನಾರು, ಬರ್ನರಿನ ನಳಿಗೆಗೆ ಬಟ್ಟೆಯ ಬಿರಡೆ. ಬಿರಡೆಗೆ ಕೆಂಪು ದಾರ ಕಟ್ಟಿ ಅದರ ತುದಿಯನ್ನು ಒಲೆಯ ಗುಂಡಿಗೆ ಸುತ್ತಿದರು, ತೆಗೆಯದೆ ಯಾರೂ ಹಚ್ಚದಿರಲಿ ಎಂದು.

ಹಿಂದಿನ ಬಲಮೂಲೆಯ ಬೀರುವಿನ ಬಾಗಿಲ ಒಳಮೈಯಲ್ಲಿ ಬಡಗಿ ಪೆನ್ಸಿಲಿನಲ್ಲಿ ಎರಡು ಸಾಲು ಎಳೆದಿದ್ದಾರೆ: ಎಡಗೋಡೆ, ಬಲಮೂಲೆ. ತಿಂಗಳಿಗೊಂದು ತೇವದ ಅಳತೆ, ಶೇಕಡಾದಲ್ಲಿ. ಜುಲೈ: 17, 18. ಆಗಸ್ಟ್: 18, 19. ಸೆಪ್ಟೆಂಬರ್: 17, 18.